ತಪಾಸಣೆಗೆ ಬಂದವರು ಏನು ನೋಡುತ್ತಾರೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿಯಿದೆ, ಖಾನಾಪುರದಲ್ಲಿ ಅಣ್ಣನ ಹೆಂಚಿನ ಕಾರ್ಖಾನೆ. ಸರ್ಕಾರಿ ಸುರಕ್ಷತಾ ತಪಾಸಣೆಗೆ ಹೇಗೆ ಸಿದ್ಧರಾಗಬೇಕು?

ಉತ್ತರ: ತಪಾಸಣಾಧಿಕಾರಿಗಳು ಮೊದಲೇ ತಿಳಿಸದೆಯೂ ಬರಬಹುದು. ಗುರುತಿನ ಚೀಟಿ ನೋಡಿ ಒಳಗೆ ಕರೆಯಿರಿ, ಅಡ್ಡಿಪಡಿಸುವುದು ಅಪರಾಧ. ಒಳಗೆ ಬಂದು ತಪಾಸಣೆ ಮಾಡಲು 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಅಧಿಕಾರ 2020ರ ಸುರಕ್ಷತಾ ಸಂಹಿತೆಯಲ್ಲೂ ಇದೆ.

ಲೈಸೆನ್ಸ್, ಹಾಜರಿ, ಅಪಘಾತದ ದಾಖಲೆ ಕೇಳುತ್ತಾರೆ. ನಿಜವಾದ ಪರೀಕ್ಷೆ ಯಂತ್ರಗಳ ಬಳಿ: ಬೆಲ್ಟಿಗೆ ಗಾರ್ಡ್ ಇದೆಯೇ, ಕರಗಿದ ಕಬ್ಬಿಣ ಸುರಿಯುವವರ ಕಾಲಲ್ಲಿರುವುದು ಬೂಟೋ ಚಪ್ಪಲಿಯೋ, ಮರಳಿನ ಅಚ್ಚು ಒಡೆಯುವಾಗ ಏಳುವ ದೂಳನ್ನು ಹೀರುವ ವ್ಯವಸ್ಥೆಯಿದೆಯೇ. ಆ ದೂಳಿನ ಸಿಲಿಕಾದಿಂದ ಬರುವ ಸಿಲಿಕೋಸಿಸ್ ವಾಸಿಯಾಗದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಖಾನಾಪುರದಲ್ಲಿ ಮಣ್ಣು ಅರೆಯುವ ಯಂತ್ರದ ಬಾಯಿಗೂ ತಡೆ ಹಾಕಿಸಿ.

ಕಾರ್ಮಿಕರನ್ನೂ ಮಾತಾಡಿಸುತ್ತಾರೆ. ದಯವಿಟ್ಟು ಅವರಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ನೋಟಿಸ್ ಬಂದರೆ ಗಡುವಿನೊಳಗೆ ಸರಿಪಡಿಸಿ, ಲಿಖಿತವಾಗಿ ತಿಳಿಸಿ.