ಮದರ್‌ಬೋರ್ಡ್ ಬದಲಿಸುವ ಮುನ್ನ ವಿಂಡೋಸ್ ಲೈಸೆನ್ಸ್ ನೋಡಿಕೊಳ್ಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತು. ಹಾಗಾದರೆ ವಿಂಡೋಸ್ 11 ಹಾಕಿಸೋಣವೆಂದರೆ ಹಳೆಯ ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದರ ನಂತರದ್ದೇ ಆಗಿರಬೇಕು.

ಹೀಗಾಗಿ ಮೆಟ್ಟೂರು, ಕೊಳತ್ತೂರು, ಪೆನ್ನಾಗರಂ ಕಡೆಯ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಫೋಟೋ ಸ್ಟುಡಿಯೋ ನಡೆಸುವವರ ಮುಂದೆ ಎರಡೇ ದಾರಿ. ಒಂದು, ಹೊಸ ಕಂಪ್ಯೂಟರ್ ಕೊಳ್ಳುವುದು. ಇನ್ನೊಂದು, ಸೇಲಂಗೋ ಬೆಂಗಳೂರಿನ ಎಸ್.ಪಿ. ರೋಡಿಗೋ ಹೋಗಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ತಂದು ಹಳೆಯ ಕ್ಯಾಬಿನೆಟ್ಟಿನಲ್ಲೇ ಕೂರಿಸುವುದು. ಎರಡನೆಯದು ಅಗ್ಗವೆಂದು ಕಾಣುತ್ತದೆ. ಆದರೆ ಎಲ್ಲ ಜೋಡಿಸಿ ಸ್ವಿಚ್ ಹಾಕಿದ ಮೇಲೆ ಪರದೆಯ ಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂಬ ಅಕ್ಷರ ಮೂಡಿದರೆ ಲೆಕ್ಕವೇ ತಪ್ಪುತ್ತದೆ. ಹಣ ಕೊಟ್ಟು ಪಡೆದಿದ್ದ ಹಳೆಯ ಲೈಸೆನ್ಸ್ ಹೊಸ ಬೋರ್ಡಿಗೆ ಬರುತ್ತದೆಯೇ? ಉತ್ತರ ನಿಮ್ಮ ಲೈಸೆನ್ಸ್ ಯಾವ ಬಗೆಯದು ಎಂಬುದರ ಮೇಲಿದೆ. ಅದನ್ನು ಬೋರ್ಡ್ ಕಳಚುವ ಮೊದಲೇ ತಿಳಿದುಕೊಳ್ಳಬೇಕು.

ಯಂತ್ರ ಬದಲಾಯಿತೆಂದು ವಿಂಡೋಸಿಗೆ ಹೇಗೆ ಗೊತ್ತು?

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಮನೆ ಬಳಕೆಯ ವಿಂಡೋಸಿಗೂ ಆಕ್ಟಿವೇಶನ್ ಪದ್ಧತಿ ಇದೆ. ಕಂಪ್ಯೂಟರ್ ಒಳಗಿನ ಬಿಡಿಭಾಗಗಳ ವಿವರ ಸೇರಿಸಿ ವಿಂಡೋಸ್ ಒಂದು ಗುರುತು ತಯಾರಿಸುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಈ ಗುರುತು ಮೈಕ್ರೋಸಾಫ್ಟ್ ಸರ್ವರಿನಲ್ಲಿ ದಾಖಲಾಗಿರುತ್ತದೆ. ಇದಕ್ಕೆ ಡಿಜಿಟಲ್ ಲೈಸೆನ್ಸ್ ಎಂದು ಹೆಸರು.

ರ‍್ಯಾಮ್ ಹೆಚ್ಚಿಸಿದರೆ, ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೂ ಹೆದರಬೇಕಿಲ್ಲ. ಹೊಸದಾಗಿ ವಿಂಡೋಸ್ ಹಾಕುವಾಗ ಕೀ ಕೇಳಿದರೆ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿದರೆ ಸಾಕು. ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆದರೆ ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಕಣ್ಣಿಗೆ ಅದು ಬೇರೆಯೇ ಕಂಪ್ಯೂಟರ್.

ಆರ್‌ಸಿ ಬುಕ್ಕೋ, ಡ್ರೈವಿಂಗ್ ಲೈಸೆನ್ಸೋ?

ಮೊದಲನೆಯದು ಒಇಎಂ ಲೈಸೆನ್ಸ್. ಅಂಗಡಿಯಲ್ಲಿ ಕೊಂಡ ಬ್ರಾಂಡೆಡ್ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಬರುವ ವಿಂಡೋಸ್ ಇದೇ. ಇದು ಗಾಡಿಯ ಆರ್‌ಸಿ ಬುಕ್ ಇದ್ದ ಹಾಗೆ. ಟೈರು, ಸೀಟು ಬದಲಿಸಿದರೆ ಆರ್‌ಸಿ ಬದಲಾಗುವುದಿಲ್ಲ. ಬೇರೆ ಗಾಡಿ ಕೊಂಡರೆ ಹಳೆಯ ಆರ್‌ಸಿ ನಡೆಯುವುದಿಲ್ಲ. 2012ರಲ್ಲಿ ವಿಂಡೋಸ್ 8 ಬಂದ ನಂತರ ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಈ ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದಿರುತ್ತಾರೆ. ಒಂದು ವಿನಾಯಿತಿ ಇದೆ. ಬೋರ್ಡ್ ಕೆಟ್ಟುಹೋಗಿ, ಅದಕ್ಕೆ ಬದಲಾಗಿ ಅದೇ ಮಾದರಿಯದನ್ನೋ ತಯಾರಕರೇ ಕೊಟ್ಟ ಸಮಾನ ಬೋರ್ಡನ್ನೋ ಹಾಕಿದರೆ ಲೈಸೆನ್ಸ್ ಮುಂದುವರಿಯುತ್ತದೆ. ವೇಗ ಹೆಚ್ಚಲೆಂದು ಹೊಸ ಬೋರ್ಡ್ ಹಾಕಿದರೆ ಮುಂದುವರಿಯುವುದಿಲ್ಲ.

ಎರಡನೆಯದು ರೀಟೇಲ್ ಲೈಸೆನ್ಸ್. ಪೆಟ್ಟಿಗೆಯಲ್ಲೋ ಮೈಕ್ರೋಸಾಫ್ಟ್ ಅಂಗಡಿಯಿಂದ ಆನ್‌ಲೈನಿನಲ್ಲೋ ಬೇರೆಯಾಗಿ ಕೊಂಡದ್ದು. ಇದು ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ. ಗಾಡಿ ಬದಲಾದರೂ ನಿಮ್ಮ ಜೊತೆಗೇ ಬರುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ ಬಳಸಬೇಕು. ಹಳೆಯ ಯಂತ್ರವನ್ನು ಮಾರುವುದಾದರೆ ಅದರಿಂದ ಕೀಯನ್ನು ತೆಗೆದುಬಿಡಬೇಕು.

ಮೂರನೆಯದು ವಾಲ್ಯೂಮ್ ಲೈಸೆನ್ಸ್. ದೊಡ್ಡ ಕಂಪನಿ, ಕಾಲೇಜು, ಕಚೇರಿಗಳು ಒಟ್ಟಾಗಿ ಕೊಳ್ಳುವಂಥದ್ದು. ಇದು ಆ ಸಂಸ್ಥೆಯದು. ಮನೆಗೋ ಅಂಗಡಿಗೋ ತಂದುಕೊಳ್ಳಲು ಬರುವುದಿಲ್ಲ.

ವಿಂಡೋಸ್ 7 ಅಥವಾ 8ರಿಂದ ಉಚಿತವಾಗಿ 10ಕ್ಕೆ ಬಂದವರಿಗೆ ಮೂಲ ಲೈಸೆನ್ಸಿನ ಷರತ್ತೇ ಅನ್ವಯಿಸುತ್ತದೆ. ಹಳೆಯದು ಒಇಎಂ ಆಗಿದ್ದರೆ 10 ಕೂಡ ಆ ಯಂತ್ರಕ್ಕೇ ಸೀಮಿತ. ಹಳೆಯ 7, 8ರ ಕೀ ಹಾಕಿ ಹೊಸ ವಿಂಡೋಸ್ ಆಕ್ಟಿವೇಟ್ ಮಾಡುವ ದಾರಿಯನ್ನೂ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು.

ನಿಮ್ಮದು ಯಾವುದೆಂದು ತಿಳಿಯುವುದು ಹೇಗೆ?

ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಅಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ಅಂಟಿಕೊಂಡಂತೆ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಬರುವ ಕಿಟಕಿಯಲ್ಲಿ ಒಇಎಂ, ರೀಟೇಲ್, ವಾಲ್ಯೂಮ್ ಇವುಗಳಲ್ಲಿ ಒಂದು ಪದ ಕಾಣಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಉಚಿತವಾಗಿ ಮೇಲಕ್ಕೇರಿದ ಯಂತ್ರಗಳಲ್ಲಿ ಮೂಲ ಒಇಎಂ ಆಗಿದ್ದರೂ ರೀಟೇಲ್ ಎಂದು ತೋರಿಸುವುದುಂಟು. ಆದ್ದರಿಂದ ಬಿಲ್ಲನ್ನೂ, ಕ್ಯಾಬಿನೆಟ್ ಮೇಲಿನ ಸ್ಟಿಕರನ್ನೂ ನೋಡಿ. ವಿಂಡೋಸಿಗೆ ಪ್ರತ್ಯೇಕ ಹಣ ಕೊಟ್ಟ ದಾಖಲೆ ಇಲ್ಲದಿದ್ದರೆ ಅದು ರೀಟೇಲ್ ಎಂದು ನಂಬಿಕೊಂಡು ಬೋರ್ಡ್ ಕೊಳ್ಳಬೇಡಿ.

ಬಿಚ್ಚುವ ಮುನ್ನ ಮಾಡಬೇಕಾದ ಕೆಲಸ

1. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಶನ್ ಪುಟ ತೆರೆಯಿರಿ. ವಿಂಡೋಸ್ 11ರಲ್ಲಿ ಅದು ಸಿಸ್ಟಂ ಎಂಬುದರಡಿ, 10ರಲ್ಲಿ ಅಪ್‌ಡೇಟ್ ಅಂಡ್ ಸೆಕ್ಯುರಿಟಿ ಎಂಬುದರಡಿ ಇರುತ್ತದೆ. ಡಿಜಿಟಲ್ ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂದು ಅಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಅಲ್ಲೇ ಖಾತೆ ಸೇರಿಸಿ. 2016ರಲ್ಲಿ ಬಂದ ಈ ಸೌಲಭ್ಯ ಬೋರ್ಡ್ ಬದಲಾದ ಮೇಲೆ ಕೈಹಿಡಿಯುತ್ತದೆ. ಅಂಗಡಿಯವರ ಇಮೇಲ್ ಹಾಕಿಸಬೇಡಿ. ನಿಮ್ಮದೇ ಖಾತೆ ಇರಲಿ.

2. ಆವೃತ್ತಿಯ ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ: ಹೋಮ್, ಹೋಮ್ ಸಿಂಗಲ್ ಲಾಂಗ್ವೇಜ್ ಅಥವಾ ಪ್ರೊ. ಒಂದರ ಲೈಸೆನ್ಸ್ ಇನ್ನೊಂದಕ್ಕೆ ಹೊಂದುವುದಿಲ್ಲ.

3. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಬೋರ್ಡ್ ಬದಲಾದರೆ ಟಿಪಿಎಂ ಚಿಪ್ಪೂ ಬದಲಾಗುತ್ತದೆ. ಆಗ ಈ ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಲೈಸೆನ್ಸ್ ಹೋದರೆ ಮತ್ತೆ ಕೊಳ್ಳಬಹುದು, ಗಿರಾಕಿಗಳ ಮದುವೆ ಫೋಟೋ ಹೋದರೆ ಕೊಳ್ಳಲಾಗದು.

4. ಫೈಲುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಡಿ. ರೀಟೇಲ್ ಕೀ ಇದ್ದರೆ 25 ಅಕ್ಷರಗಳನ್ನೂ ಬರೆದಿಡಿ.

ಬೋರ್ಡ್ ಬದಲಾದ ಮೇಲೆ

ರೀಟೇಲ್ ಕೀ ಇದ್ದವರು ಆಕ್ಟಿವೇಶನ್ ಪುಟದಲ್ಲಿ ಅದನ್ನೇ ಮತ್ತೆ ಹಾಕಬಹುದು. ಕೀ ಇಲ್ಲದೆ ಡಿಜಿಟಲ್ ಲೈಸೆನ್ಸ್ ಮಾತ್ರ ಇರುವವರು ಅಡ್ಮಿನಿಸ್ಟ್ರೇಟರ್ ಆಗಿ, ಮೊದಲು ಜೋಡಿಸಿದ್ದ ಖಾತೆಯಿಂದಲೇ ಒಳಹೋಗಬೇಕು. ಆಕ್ಟಿವೇಶನ್ ಪುಟದಲ್ಲಿ 'ಟ್ರಬಲ್‌ಶೂಟ್' ಒತ್ತಿ, 'ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ' ಎಂಬುದನ್ನು ಆರಿಸಿ. ನಿಮ್ಮ ಖಾತೆಯ ಯಂತ್ರಗಳ ಪಟ್ಟಿ ಬರುತ್ತದೆ. ಅದರಲ್ಲಿ ಈಗ ಬಳಸುತ್ತಿರುವ ಯಂತ್ರವನ್ನು ಗುರುತಿಸಿ ಆಕ್ಟಿವೇಟ್ ಒತ್ತಬೇಕು.

ಇದಕ್ಕೂ ಮಿತಿ ಇದೆ. ಎಷ್ಟು ಸಲ ಹೀಗೆ ಮಾಡಬಹುದೆಂಬುದಕ್ಕೆ ಕಂಪನಿ ಲೆಕ್ಕ ಇಟ್ಟಿರುತ್ತದೆ. ಆವೃತ್ತಿ ಬೇರೆಯಾದರೂ ಆಗುವುದಿಲ್ಲ. ಹಕ್ಕಿದ್ದೂ ಆಗದಿದ್ದರೆ ಬಿಲ್ ಹಿಡಿದು ಮೈಕ್ರೋಸಾಫ್ಟಿನ ಗ್ರಾಹಕ ಸೇವೆಯನ್ನೇ ಕೇಳಬೇಕು.

ನಮ್ಮ ಎರಡು ಭಾಷೆಯ ಮಾತು

ಭಾರತದಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್ ಸಿಂಗಲ್ ಲಾಂಗ್ವೇಜ್. ಇದರಲ್ಲಿ ಮೆನು, ಸೂಚನೆಗಳು ಒಂದೇ ಭಾಷೆಯಲ್ಲಿ ಇರುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎನ್ನುವ ಗಡಿಭಾಗದ ಮನೆಗಳಲ್ಲಿ ಪರದೆಯ ಭಾಷೆಯನ್ನು ಬೇಕೆಂದಾಗ ಬದಲಿಸಲು ಬರುವುದಿಲ್ಲ. ಆದರೆ ಟೈಪ್ ಮಾಡಲು ಕನ್ನಡ, ತಮಿಳು ಎರಡೂ ಕೀಬೋರ್ಡ್ ಸೇರಿಸಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹೇಗೂ ಹೊಸ ಲೈಸೆನ್ಸ್ ಕೊಳ್ಳಬೇಕಾಗಿ ಬಂದರೆ ಈ ವ್ಯತ್ಯಾಸ ನೆನಪಿರಲಿ.

ಸರ್ಕಾರಿ ಲ್ಯಾಪ್‌ಟಾಪ್ ಮತ್ತು ಉಚಿತ ದಾರಿ

ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಲ್ಕಾಟ್ ಮೂಲಕ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪ್‌ಗಳು ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಇನ್ನೂ ಇವೆ. ಆರಂಭದ ವರ್ಷಗಳ ಆ ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ, ಅವುಗಳ ವಿಂಡೋಸನ್ನು ಬೇರೆ ಯಂತ್ರಕ್ಕೆ ಒಯ್ಯಲೂ ಬಾರದು. ಆದರೆ ಅವುಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಹಾಕಿ ಕೊಟ್ಟಿದ್ದರು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಈ ವ್ಯವಸ್ಥೆಯಲ್ಲಿ ಕನ್ನಡ, ತಮಿಳು ಎರಡೂ ಇವೆ. ಬಾಸ್, ಉಬುಂಟು, ಮಿಂಟ್ ಇವುಗಳಿಗೆ ಕೀ ಇಲ್ಲ, ಆಕ್ಟಿವೇಶನ್ ಇಲ್ಲ. ಬೋರ್ಡ್ ಎಷ್ಟು ಸಲ ಬದಲಿಸಿದರೂ ಕೇಳುವವರಿಲ್ಲ. ಫೋಟೋಶಾಪ್, ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನಂಬಿದ ಅಂಗಡಿಗೆ ಇದು ಸುಲಭವಲ್ಲ. ಮಕ್ಕಳ ಓದಿಗೆ, ಪತ್ರ ಟೈಪ್ ಮಾಡಲು, ಇಂಟರ್‌ನೆಟ್ ನೋಡಲು ಸಾಕು.

ಅಗ್ಗದ ಕೀ ಕೊಳ್ಳುವ ಮುನ್ನ

ಕೆಲವೇ ನೂರು ರೂಪಾಯಿಗೆ 'ಲೈಫ್‌ಟೈಮ್ ಕೀ' ಎಂದು ಆನ್‌ಲೈನಿನಲ್ಲಿ ಮಾರುವುದರಲ್ಲಿ ಹೆಚ್ಚಿನವು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ ಅಥವಾ ಹಳೆಯ ಯಂತ್ರಗಳ ಒಇಎಂ ಕೀ. ಇಂದು ಆಕ್ಟಿವೇಟ್ ಆದರೂ ಕಂಪನಿ ಅದನ್ನು ರದ್ದುಪಡಿಸಿದ ದಿನ ಮತ್ತೆ ಮೊದಲಿನ ಸ್ಥಿತಿಯೇ. ಇನ್ನು ಕಳ್ಳ ಪ್ರತಿಯ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಸ್ಪಷ್ಟವಾಗಿದೆ. ಕಳ್ಳ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸದವರಿಗೆ ಜೈಲು ಬಿಟ್ಟು ದಂಡ ಮಾತ್ರ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ. ಅಂಗಡಿ ನಡೆಸುವವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ.

ಆದ್ದರಿಂದ ಬಿಡಿಭಾಗದ ಬೆಲೆ ಕೇಳುವಾಗಲೇ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ. ವಿಂಡೋಸ್ ಇದೇ ದರದಲ್ಲಿ ಸೇರಿದೆಯೇ? ಸೇರಿದ್ದರೆ ಅದು ಒಇಎಂ ಲೈಸೆನ್ಸೋ ರೀಟೇಲೋ? ಅದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಬರೆದುಕೊಟ್ಟದ್ದಕ್ಕೆ ವಿರುದ್ಧವಾಗಿ ನಡೆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಳೆಯದು ಒಇಎಂ ಎಂದು ಗೊತ್ತಾದರೆ ಹೊಸ ವಿಂಡೋಸಿನ ಬೆಲೆಯನ್ನೂ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬೆಲೆಯ ಜೊತೆ ಕೂಡಿಸಿ ನೋಡಿ. ವಿಂಡೋಸ್ ಸಮೇತ ಬರುವ ಹೊಸ ಕಂಪ್ಯೂಟರೇ ಅಗ್ಗವಾಗುವ ಸಂದರ್ಭವೂ ಉಂಟು.