ಸ್ತನ ಕ್ಯಾನ್ಸರ್ ಮಾತ್ರೆ ತಗೋತಿದ್ದೀರಾ? ಕಣ್ಣಿನ ಡಾಕ್ಟರಿಗೂ ಒಂದು ಮಾತು ಹೇಳಿ

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೊ, ರೇಡಿಯೇಷನ್ ಎಲ್ಲ ಮುಗಿಸಿ ಊರಿಗೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ದಿನಕ್ಕೊಂದು ಮಾತ್ರೆ ಉಳಿದಿರುತ್ತದೆ. ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ. ಚೀಟಿಯಲ್ಲಿ ಟ್ಯಾಮೊಕ್ಸಿಫೆನ್ ಅಂತಲೋ, ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಅಂತಲೋ ಇರುತ್ತದೆ. ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್ ಮತ್ತೆ ಬಾರದಂತೆ ತಡೆಯುವ ಮಾತ್ರೆಗಳಿವು.

ಇದಕ್ಕೂ ಕಣ್ಣಿಗೂ ಏನು ಸಂಬಂಧ ಅಂತೀರಾ? ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಎಣ್ಣೆ ಗ್ರಂಥಿಗಳು ಕಣ್ಣೀರು ಬೇಗ ಆರದಂತೆ ಕಾಯುತ್ತವೆ. ಇವುಗಳ ಕೆಲಸಕ್ಕೂ ಹಾರ್ಮೋನಿಗೂ ನಂಟಿದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಈಸ್ಟ್ರೋಜನ್ ತಯಾರಾಗುವುದನ್ನೇ ತಗ್ಗಿಸುವುದರಿಂದ ಕೆಲವರಿಗೆ ಕಣ್ಣು ಒಣಗುತ್ತದೆ. ಉರಿ, ಮರಳು ಬಿದ್ದ ಹಾಗೆ ಚುಚ್ಚುವುದು. ತಮಾಷೆ ಅಂದ್ರೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅದು ಒಣಗಣ್ಣೇ ಆಗಿರಬಹುದು.

ಟ್ಯಾಮೊಕ್ಸಿಫೆನ್ ಕಥೆ ಬೇರೆ. ಅಪರೂಪಕ್ಕೆ ಇದು ಕಣ್ಣಿನ ಹಿಂಭಾಗದ ಪರದೆಯಲ್ಲಿ ಸಣ್ಣ ಹರಳುಗಳಾಗಿ ಕೂರುತ್ತದೆ, ಪರದೆಯ ನಡುಭಾಗ ಊದಿಕೊಳ್ಳಲೂಬಹುದು. 1978ರಲ್ಲಿ ಇದು ಮೊದಲು ವರದಿಯಾದದ್ದು ತೀರಾ ಹೆಚ್ಚಿನ ಡೋಸ್ ನುಂಗುತ್ತಿದ್ದವರಲ್ಲಿ. ಈಗಿನ 20 ಮಿಲಿಗ್ರಾಂ ಡೋಸ್‌ನಲ್ಲಿ ಕಮ್ಮಿ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬಾಗಿಲ ಚೌಕಟ್ಟು ಸೊಟ್ಟಗೆ ಕಂಡರೆ, ಎದುರಿಗಿದ್ದವರ ಮುಖದ ನಡುವೆ ಮಸುಕಾದರೆ ತಡ ಮಾಡಬೇಡಿ. ಬೇಗ ಗೊತ್ತಾದರೆ ಊತ ಇಳಿಸಲು ದಾರಿ ಇದೆ.

ನಮ್ಮ ಕಡೆ ಆಗೋದು ಎರಡೇ ತಪ್ಪು. ಒಂದು, 'ವಯಸ್ಸಾಯ್ತು, ಶುಗರ್ ಇದೆ, ಪೊರೆ ಬಂದಿರಬೇಕು' ಅಂತ ಸುಮ್ಮನಿರುವುದು. ಕಣ್ಣಿನ ಕ್ಯಾಂಪ್‌ಗೆ ಹೋದರೂ ಕ್ಯಾನ್ಸರ್ ಮಾತ್ರೆಯ ವಿಷಯ ಬಾಯಿ ಬಿಡುವುದಿಲ್ಲ. ನಾಚಿಕೆಯೋ, ಸಂಬಂಧ ಇಲ್ಲ ಅನ್ನುವ ನಂಬಿಕೆಯೋ. ಇನ್ನೊಂದು, ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುವುದು. ಇದು ಇನ್ನೂ ಅಪಾಯ, ಕ್ಯಾನ್ಸರ್ ತಿರುಗಿ ಬರದಂತೆ ಕಾಯುತ್ತಿರುವುದೇ ಆ ಮಾತ್ರೆ. ಬಿಡಬೇಕೋ ಬದಲಿಸಬೇಕೋ ಅನ್ನುವುದನ್ನು ಕ್ಯಾನ್ಸರ್ ಡಾಕ್ಟರೇ ಹೇಳಬೇಕು.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. ಕಣ್ಣುರಿ ಅಂದ ತಕ್ಷಣ ಸ್ಟೀರಾಯ್ಡ್ ಡ್ರಾಪ್ಸ್ ಕೊಡಬೇಡಿ. ಅದನ್ನೇ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರಬಹುದು.

ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಮಾತ್ರೆ ಚೀಟಿ ಒಯ್ಯಿರಿ, ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ ಅಂತ ಹೇಳಿ. ಪರದೆ ನೋಡಲು ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಜೊತೆಗೆ ಯಾರಾದರೂ ಇರಲಿ, ಸ್ಕೂಟಿ ಮನೆಯಲ್ಲೇ ಇರಲಿ.