ಕೇಳಿ ಕೇಳಿ ಕಟ್ಟಿದ ನಿಘಂಟು

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಗಡಿಯಾಚೆಗಿನ ಹೇಮಾವತಿ ಒಂದು ಕಾಲದ ಹೆಂಜೇರು, ನೊಳಂಬರ ರಾಜಧಾನಿ. ಹಾಗಾಗಿ ಈ ಸೀಮೆ ಹಳಗನ್ನಡ ಶಾಸನಗಳಿಗೆ ತವರು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟವಾಗಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು 1903ರಲ್ಲಿ ಹೊರತಂದಾಗ ಹಿರಿಯೂರು ತಾಲ್ಲೂಕಿನ ಕಲ್ಲುಗಳೂ ಅಚ್ಚು ಕಂಡವು.

ಕಲ್ಲಿನ ಮೇಲಿನ ಅಕ್ಷರ ಪುಸ್ತಕಕ್ಕೆ ಬರುವ ದಾರಿ ದೀರ್ಘ. ಮೊದಲು ಕಲ್ಲನ್ನು ತೊಳೆದು ತಿಕ್ಕಬೇಕು. ಒದ್ದೆ ಕಾಗದ ಹೊದಿಸಿ, ಅಕ್ಷರದ ಗೆರೆಯೊಳಕ್ಕೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಅಕ್ಷರ ಬೆಳ್ಳಗೆ ಏಳುತ್ತದೆ. ಇದೇ ಪಡಿಯಚ್ಚು. ಓದುವವನ ಕಷ್ಟ ಶುರುವಾಗುವುದು ಆಮೇಲೆ. ಕಲ್ಲು ಚಕ್ಕೆ ಎದ್ದಿರುತ್ತದೆ, ಱ ಮತ್ತು ೞ ಸವೆದಿರುತ್ತವೆ. ಎಲ್ಲ ಅಕ್ಷರ ಕಂಡರೂ ಶಬ್ದದ ಅರ್ಥ ಹೊಳೆಯದೇ ಇರಬಹುದು. ಆಗ ಆತ ಇನ್ನೊಬ್ಬರನ್ನು ಕೇಳಲೇಬೇಕು.

ಹಳಗನ್ನಡ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ವನ್ನೇ ನೋಡಿ. ಅದು ಕೆರೆಗೆ ಸಂಬಂಧಿಸಿದ ಭೂದತ್ತಿ. ಅಕ್ಷರ ಸರಿಯೇ ಎಂದು ಲಿಪಿ ಬಲ್ಲವರು ಹೇಳಬೇಕು, ರೂಪ ಹೇಗೆ ಬಂತೆಂದು ವ್ಯಾಕರಣ ಬಲ್ಲವರು, ದತ್ತಿಯ ಪದ್ಧತಿ ಏನೆಂದು ಇತಿಹಾಸಕಾರರು. ತಮಿಳು, ತೆಲುಗಿನಲ್ಲಿ ಇದರ ಸೋದರ ರೂಪ ಇದೆಯೇ ಎಂದು ಆ ಭಾಷೆಯ ಪಂಡಿತರನ್ನೂ ವಿಚಾರಿಸಬೇಕು. ಒಬ್ಬರಿಂದಲೇ ಆಗುವ ಕೆಲಸವಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ ಬರೀ 16 ಸಾಲಿನದು. ಅದರ ಓದು, ಅರ್ಥ, ಕಾಲಗಳ ಬಗ್ಗೆ ವಿದ್ವಾಂಸರು ದಶಕಗಟ್ಟಲೆ ಪರಸ್ಪರ ಕೇಳಿದರು, ತಿದ್ದಿದರು, ಜಗಳವನ್ನೂ ಆಡಿದರು. ಆ ಜಗಳದಿಂದ ಕನ್ನಡಕ್ಕೆ ಲಾಭವೇ ಆಗಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ಇಂಥ ಕೂಡುದುಡಿಮೆಯ ದೊಡ್ಡ ಫಲ. ಶಾಸನ, ಕಾವ್ಯಗಳನ್ನು ಹಲವರು ಹಂಚಿಕೊಂಡು ಓದಿ ಶಬ್ದಗಳನ್ನು ಆಯ್ದರು. ಅರ್ಥದ ಜೊತೆಗೆ ಪ್ರಯೋಗ ಎಲ್ಲಿಯದೆಂಬ ಸಾಕ್ಷಿಯನ್ನೂ ಇಟ್ಟರು. ಎಂಟು ಸಂಪುಟಗಳು ಮುಗಿಯುವ ಹೊತ್ತಿಗೆ 1995 ಆಗಿತ್ತು. ಆಕ್ಸ್‌ಫರ್ಡ್‌ನ ಟಿ. ಬರೋ, ಬರ್ಕ್ಲಿಯ ಎಂ.ಬಿ. ಎಮೆನೊ ಸೇರಿ 1961ರಲ್ಲಿ ತಂದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವೂ ಅಷ್ಟೆ. ಇಬ್ಬರ ನಡುವೆ ಸಮುದ್ರವಿತ್ತು. ಪರಿಷ್ಕೃತ ಆವೃತ್ತಿ ಬಂದದ್ದು 1984ರಲ್ಲಿ.

ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹೀಗೆ ಕೇಳುವ ಬಾಗಿಲನ್ನು ಜನರಿಗೂ ತೆರೆದರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಶುರುವಾದ ‘ಇಗೋ ಕನ್ನಡ’ ಅಂಕಣಕ್ಕೆ ಯಾರು ಬೇಕಾದರೂ ಪ್ರಶ್ನೆ ಕಳಿಸಬಹುದಿತ್ತು. ನನ್ನ ಮಟ್ಟಿಗೆ ಕನ್ನಡ ಪತ್ರಿಕೋದ್ಯಮ ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಆದರೆ ಕೇಳುವುದಕ್ಕೂ ಒಂದು ಶಿಸ್ತಿದೆ. ‘ಈ ಶಬ್ದದ ಅರ್ಥವೇನು?’ ಎಂದಷ್ಟೇ ಕೇಳಿದರೆ ಎಂಥ ಪಂಡಿತರಾದರೂ ಏನು ಹೇಳಿಯಾರು? ಶಬ್ದ ಬಂದ ಇಡೀ ವಾಕ್ಯ ಬೇಕು. ಯಾವ ಊರು, ಆಡಿದವರ ಕಸುಬೇನು, ಕೇಳುವವರು ಈಗಾಗಲೇ ಯಾವ ನಿಘಂಟು ನೋಡಿದ್ದಾರೆ ಎಂಬುದೂ ಬೇಕು. ತಮ್ಮ ಊಹೆ ಇದ್ದರೆ ಅದನ್ನು ಊಹೆ ಎಂದೇ ಬರೆಯಬೇಕು. ಕೇಳಿದರೆ ತಿಳಿಯದವನೆಂದುಕೊಂಡಾರು ಎಂಬ ಅಂಜಿಕೆ ನಮ್ಮ ವಿದ್ಯಾರ್ಥಿಗಳಲ್ಲಿದೆ. ಅದಕ್ಕೆ ಅವರಿಗಿಂತ ಮೇಷ್ಟ್ರುಗಳೇ ಹೆಚ್ಚು ಹೊಣೆ.

ಇನ್ನೊಂದು ಮಾತು. ವಿದ್ವಾಂಸರ ಸಹೋದ್ಯೋಗಿಗಳು ವಿಶ್ವವಿದ್ಯಾಲಯದಲ್ಲೇ ಇರಬೇಕಿಲ್ಲ. ತೂಬು, ಕೋಡಿ, ಏರಿಯ ಮಾತು ಬಂದಾಗ ನೀರುಗಂಟಿಗಿಂತ ಬಲ್ಲವರು ಯಾರು? ಕುರಿ ರೊಪ್ಪದ ಶಬ್ದಗಳನ್ನು ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳಲ್ಲೇ ಕೇಳಬೇಕು. ಕನ್ನಡ, ತೆಲುಗು ಎರಡನ್ನೂ ಆಡುವ ಗಡಿಯ ಹಿರಿಯರು ಹೇಳುವಷ್ಟನ್ನು ಯಾವ ಕೋಶವೂ ಹೇಳಲಾರದು. ಕೆರೆ ಬತ್ತಿ ಕೊಳವೆಬಾವಿ ಬಂದ ಮೇಲೆ ನೀರುಗಂಟಿಯ ಕೆಲಸವೇ ಹೋಗುತ್ತಿದೆ. ಕೆಲಸ ಹೋದ ಮೇಲೆ ಅದರ ಮಾತೂ ಉಳಿಯುವುದಿಲ್ಲ.

ಧರ್ಮಪುರದ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಮನೆಯ ಅಜ್ಜ–ಅಜ್ಜಿ ಆಡುವ, ನಿಮಗೆ ತಿಳಿಯದ ಶಬ್ದವನ್ನು ಅವರು ಆಡಿದ ವಾಕ್ಯದ ಸಮೇತ ಬರೆದಿಡಿ. ಊರು, ತಾರೀಖು ಹಾಕಿ ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರಿಗೆ ಮುಟ್ಟಿಸಿ. ಹೊಲದಲ್ಲಿ ಅಕ್ಷರವಿರುವ ಕಲ್ಲು ಸಿಕ್ಕರೆ ಕದಲಿಸಬೇಡಿ. ಬಲ್ಲವರಿಗೆ ಸುದ್ದಿ ಕೊಡಿ.